ಅಪ್ಪನ ಕಿವಿ, ಮರದ ಹಿಡಿ

ಅಪ್ಪ ಸಿರುಗುಪ್ಪದ ಅಕ್ಕಿ ಗಿರಣಿಗಳಲ್ಲಿ ಮಿಸ್ತ್ರಿ. ಓಡುವ ಯಂತ್ರದ ಬೇರಿಂಗಿಗೆ ಸ್ಕ್ರೂಡ್ರೈವರಿನ ತುದಿ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ ಕೇಳುತ್ತಾನೆ. ಒಳಗಿನ ಗುಂಡುಗಳು ಸವೆದಿದ್ದರೆ ಜರಜರ ಎನ್ನುತ್ತದೆ, ಸರಿಯಿದ್ದರೆ ಒಂದೇ ಸಮನೆ ಗುಂಯ್ ಎನ್ನುತ್ತದೆ.

ಆ ವರ್ಷ ದೀಪಾವಳಿಯಿಂದ ಸಂಕ್ರಾಂತಿಯೊಳಗೆ ಅವನ ಅಂದಾಜು ಮೂರು ಸಲ ತಪ್ಪಿತು. ನನ್ನ ಡೈರಿಯಲ್ಲಿದೆ: ಸಿರುಗುಪ್ಪದಲ್ಲಿ ಎರಡು, ಕುರುಗೋಡಿನಲ್ಲಿ ಒಂದು. ಕುರುಗೋಡಿನಲ್ಲಿ ಗುಂಯ್ ಸದ್ದು ಸರಿಯಾಗಿ ಕೇಳಲಿಲ್ಲವೆಂದು ಚೆನ್ನಾಗಿದ್ದ ಬೇರಿಂಗನ್ನೇ ಬಿಚ್ಚಿಸಿದ್ದ. ಅರ್ಧ ದಿನ ಗಿರಣಿ ನಿಂತಿತು.

"ಮಿಸ್ತ್ರಿ, ಉಳಿದ ಗ್ರೀಸು ನಿನ್ನ ಕಿವಿಗೆ ಹಚ್ಕೋ," ಎಂದ ಮಾಲೀಕ. ಹಮಾಲರೆಲ್ಲ ನಕ್ಕರು. ಅಪ್ಪನೂ ನಕ್ಕನಂತೆ.

ನಾನು ಬಳ್ಳಾರಿಯಲ್ಲಿ ಓದುತ್ತಿದ್ದೆ. ಭಾನುವಾರ ಊರಿಗೆ ಬಂದಾಗ ಅಪ್ಪ ಹೇಳಿದ: "ಯುಗಾದಿತನಕ ನೋಡ್ತೀನಿ. ಆಮ್ಯಾಲೆ ಕೆಲಸ ಬಿಡ್ತೀನಿ. ಕಿವಿ ಹೋದ ಮಿಸ್ತ್ರಿನ ಯಾರು ಕರೀತಾರವ್ವ?"

"ಊಟಕ್ಕ ಕರೆದ್ರ ಹಿತ್ತಲದಾಗಿದ್ರೂ ಕೇಳ್ತೈತಿ," ಎಂದಳು ಅಮ್ಮ ಒಳಗಿನಿಂದ.

ಅವಳು ತಮಾಷೆಗೆ ಅಂದದ್ದು. ನನಗೆ ಅದನ್ನು ಪರೀಕ್ಷಿಸಬೇಕು ಅನಿಸಿತು. ಮೇಜಿನ ಗಡಿಯಾರವನ್ನು ಮಂಚದ ಮೇಲಿಟ್ಟು, ಅಪ್ಪನಿಗೆ ಕಣ್ಣು ಮುಚ್ಚಲು ಹೇಳಿದೆ. ಅವನು ಬೇರಿಂಗ್ ಕೇಳುವ ಹಾಗೆಯೇ, ಮನೆಯಲ್ಲಿ ಸಿಕ್ಕ ಒಂದೊಂದು ವಸ್ತುವಿನ ಒಂದು ತುದಿ ಗಡಿಯಾರಕ್ಕೆ, ಇನ್ನೊಂದು ಅವನ ಕಿವಿಗೆ. ಹತ್ತು ಹತ್ತು ಸಲ ಇಟ್ಟೆ. ಕಬ್ಬಿಣದ ಸರಳಿನಲ್ಲಿ ಟಿಕ್ ಟಿಕ್ ಹತ್ತು ಸಲವೂ ಕೇಳಿತು. ಸಾಗವಾನಿ ಪಟ್ಟಿಯಲ್ಲಿ ಒಂಬತ್ತು, ಪ್ಲಾಸ್ಟಿಕ್ ಪೈಪಿನಲ್ಲಿ ಐದು. ಮಡಚಿದ ಗೋಣಿಚೀಲದಲ್ಲಿ ಒಂದೂ ಇಲ್ಲ.

ಕೊನೆಗೆ ಅವನ ಸ್ಕ್ರೂಡ್ರೈವರ್ ಇಟ್ಟೆ. ಎರಡು.

ಎರಡು ಎಂದು ಬರೆದ ಮೇಲೆ ಅದನ್ನು ಸರಿಯಾಗಿ ನೋಡಿದೆ. ದಪ್ಪ ಕೆಂಪು ರಬ್ಬರಿನ ಹಿಡಿ. ಹಳೆಯದರ ಮರದ ಹಿಡಿ ಸೀಳಿತ್ತೆಂದು ದೀಪಾವಳಿಗೆ ನಾನೇ ಬಳ್ಳಾರಿಯಿಂದ ತಂದುಕೊಟ್ಟದ್ದು. ಡೈರಿ ತಿರುವಿದೆ. ಅದನ್ನು ಕೊಂಡ ದಿನಕ್ಕೂ ಅಪ್ಪನ ಮೊದಲ ತಪ್ಪಿಗೂ ನಡುವೆ ಎರಡೇ ಪುಟ.

"ಅಪ್ಪಾ, ಕಿವಿ ಅಲ್ಲ, ಇದು. ರಬ್ಬರು ಸದ್ದು ನುಂಗ್ತೈತಿ."

ಅವನು ಅದನ್ನು ಕೈಯಲ್ಲಿ ತಿರುಗಿಸಿದ. "ಕೈಗೆ ಮೆತ್ತಗಿತ್ತು. ನೀ ಕೊಟ್ಟಿದ್ದಂತ ಬಿಡಲಿಲ್ಲವ್ವ."

ಅಟ್ಟದ ಡಬ್ಬಿಯಿಂದ ಹಳೆಯದನ್ನು ತೆಗೆದು, ಸೀಳಿದ ಹಿಡಿಗೆ ತಂತಿ ಸುತ್ತಿದ. ಅದನ್ನೂ ಗಡಿಯಾರಕ್ಕೆ ಹಚ್ಚಿ ನೋಡಿದೆ. ಹತ್ತಕ್ಕೆ ಒಂಬತ್ತು.

ಯುಗಾದಿಯ ಮರುದಿನ ಕುರುಗೋಡಿನಿಂದ ಅದೇ ಮಾಲೀಕನ ಫೋನು ಬಂತು. ಯಂತ್ರ ಸದ್ದು ಮಾಡುತ್ತಿದೆಯಂತೆ, ಬರಬೇಕಂತೆ. ಅಪ್ಪ ಮರದ ಹಿಡಿಯದನ್ನು ಚೀಲಕ್ಕೆ ಹಾಕಿಕೊಳ್ಳುತ್ತಲೇ ಹೇಳಿದ:

"ಬರ್ತೀನ್ರಿ ಸಾವ್ಕಾರ್ರೇ. ಕಿವಿಗೆ ಗ್ರೀಸ್ ಹಚ್ಕೊಂಡೇನಿ."