ಮಿಕ್ಸಿ ಹೊತ್ತು ಹರಿಯಬ್ಬೆಗೆ

ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಒಂದು ಸ್ಟೀಲ್ ಲೋಟ ಗೆದ್ದಿದ್ದೆ. ಆ ಲೋಟವನ್ನು ನಂಬಿಯೇ ಮಾತಿನ ಕೆಲಸ ನನಗೆ ಹೇಳಿ ಮಾಡಿಸಿದ್ದು ಎಂದು ತೀರ್ಮಾನಿಸಿ, ಮಿಕ್ಸಿ ಮಾರಲು ಸೇರಿದೆ. ಚಿತ್ರದುರ್ಗದ ತರಬೇತಿಯಲ್ಲಿ ಟೈ ಕಟ್ಟಿದವರೊಬ್ಬರು, "ಮೊದಲು ಗ್ರಾಹಕರ ಜೊತೆ ಸಂಬಂಧ ಬೆಳೆಸಿ" ಎಂದು ಬೆಳಗಿನಿಂದ ಸಂಜೆವರೆಗೆ ಬೋಧಿಸಿದರು. ಪಾಪ, ನಮ್ಮ ಸೀಮೆಯವರಲ್ಲ. ಇಲ್ಲಿ ಸಂಬಂಧ ಬೆಳೆಸುವುದು ಬೇಕಿಲ್ಲ, ತಪ್ಪಿಸಿಕೊಳ್ಳುವುದೇ ಕಷ್ಟ.

ಮೊದಲ ತಿಂಗಳು ಒಂದಾದರೂ ಮಿಕ್ಸಿ ಮಾರದಿದ್ದರೆ ಕೆಲಸವಿಲ್ಲ. ಕೆಲಸವಿಲ್ಲದಿದ್ದರೆ ಮದುವೆ ಎಂದು ಹಿರಿಯೂರಿನ ಮನೆಯಲ್ಲಿ ಅಪ್ಪ ಆಗಲೇ ಘೋಷಿಸಿದ್ದರು. ನನಗೆ ನಿಜಕ್ಕೂ ಭಯವಾಗಿತ್ತು.

ಹರಿಯಬ್ಬೆ ಎಂಬ ಹಳ್ಳಿಯಲ್ಲಿ ಜಗಲಿ ಮೇಲಿದ್ದ ಅಜ್ಜಿಯೊಬ್ಬರು, "ನೋಡಾಕಷ್ಟೆ ಕಣವ್ವ, ತಗಳಾಕಲ್ಲ" ಎಂದು ಮೊದಲೇ ಹೇಳಿ ಒಳಗೆ ಕರೆದರು. ಶೇಂಗಾ ಚಟ್ನಿ ರುಬ್ಬಿ ತೋರಿಸಿದೆ. ನಾನು ವಾರಂಟಿಯ ಬಾಯಿಪಾಠ ಒಪ್ಪಿಸುತ್ತಿದ್ದರೆ ಅಜ್ಜಿ, "ಯಾರ ಪೈಕಿ? ನಿಮ್ಮವ್ವನ ತವ್ರು ಯಾವ್ದು?" ಎಂದು ಬೇರು ಅಗೆಯುತ್ತಿದ್ದರು. ಬಾಗೂರು ಎಂದೆ. ಮುಗಿಯಿತು. ಅವರ ನಾದಿನಿಯನ್ನು ಕೊಟ್ಟಿದ್ದೂ ಬಾಗೂರಿಗೇ. ಎಳೆ ಹಿಡಿದು ಎಳೆದು, ನಾನು ಅವರ ಮೊಮ್ಮಗನಿಗೆ ಮದುವೆಯ ವರಸೆ ಕೂಡುವ ಹುಡುಗಿ ಎಂದು ಪತ್ತೆ ಹಚ್ಚಿದರು.

"ನೆಂಟ್ರತ್ರ ಯಾಪಾರ ಮಾಡ್ತಾರೇನವ್ವ?" ಎಂದು ನಾನು ರುಬ್ಬಿದ ಚಟ್ನಿಯಲ್ಲೇ ನನಗೆ ಮುದ್ದೆ ಉಣ್ಣಿಸಿ ಕಳಿಸಿದರು. ಮಿಕ್ಸಿಯೂ ನನ್ನ ಜೊತೆಗೇ ವಾಪಸ್ ಬಂತು. ಉಳಿದ ಮನೆಗಳಲ್ಲೂ ಇದೇ ಕಥೆ. ತಿಂಗಳಲ್ಲಿ ನಾನು ದಪ್ಪಗಾದೆ, ಅಷ್ಟೇ.

ತಿಂಗಳ ಕೊನೆಯ ಭಾನುವಾರ ಅಜ್ಜಿ ಹೂವು, ಹಣ್ಣು, ಮೊಮ್ಮಗನ ಸಮೇತ ನಮ್ಮ ಮನೆಗೇ ಬಂದರು. "ಕುಡಿಯಲ್ಲ, ಕೂಗಾಡಲ್ಲ. ಕುರಿ ಅವೆ, ಟ್ರ್ಯಾಕ್ಟರ್ ಐತೆ." ಒಂದು ಮಾತು ಹೆಚ್ಚಿಲ್ಲ, ಕಮ್ಮಿಯಿಲ್ಲ. ಮಾಲು ಮಾತ್ರ ತಲೆ ತಗ್ಗಿಸಿ ಕುಳಿತಿತ್ತು. ಟೈ ಕಟ್ಟಿದವರು ಈ ಅಜ್ಜಿಯ ಹತ್ತಿರ ತರಬೇತಿ ಪಡೆಯಬೇಕಿತ್ತು. ಅಪ್ಪ ಆಗಲೇ ಹೂಂಗುಟ್ಟುತ್ತಿದ್ದರು.

"ಮಿಕ್ಸಿ ಇಲ್ಲದ ಮನೆಗೆ ನಾನಂತೂ ಕಾಲಿಡಲ್ಲ, ಅಜ್ಜಿ" ಎಂದೆ.

"ಅಷ್ಟೇನೇ? ಲೇ, ದುಡ್ಡು ಕೊಡಪ್ಪ."

ಮೊಮ್ಮಗ ಕೊಟ್ಟ. ಮೂಲೆಯಲ್ಲಿದ್ದ ಹೊಸ ಡಬ್ಬ ತೆಗೆದುಕೊಟ್ಟು ಬಿಲ್ ಹರಿದು ಕೈಗಿಟ್ಟೆ. ಕೆಲಸ ಉಳಿಯಿತು.

ಡಬ್ಬವನ್ನು ಮೊಮ್ಮಗನ ಹೆಗಲಿಗೇರಿಸಿ ಹೊರಟ ಅಜ್ಜಿ ಹೊಸ್ತಿಲಲ್ಲಿ ತಿರುಗಿ ನಿಂತರು. "ಹುಡ್ಗ ಒಪ್ಪಿಗೇನವ್ವ?"

"ನೋಡಾಕಷ್ಟೆ ಅಜ್ಜಿ, ತಗಳಾಕಲ್ಲ" ಎಂದೆ.