ಹಿಂದಕ್ಕೆ ನಡೆದ ಅಂಕಿ

ರಟ್ಟಿನ ಪೆಟ್ಟಿಗೆ ಬಿಚ್ಚಿದ ಕೂಡಲೇ ಮಗ್ಗದ ಎಣ್ಣೆ ಮತ್ತು ಹತ್ತಿಯ ಧೂಳು ಬೆರೆತ ವಾಸನೆ ಮೂಗಿಗೆ ಬಡಿಯಿತು. ಒಳಗೆ ಯಡ್ರಾವದ ವಿದ್ಯುತ್ ಮಗ್ಗಗಳ ಶೆಡ್ಡಿನಿಂದ ವಾಪಸು ಬಂದ ಹಳೆಯ ಎಣಿಕೆ ಡಬ್ಬಿಗಳು. ಅವುಗಳಲ್ಲಿದ್ದ ಚಿಪ್ಪು ಈಗ ಪೇಟೆಯಲ್ಲಿ ಸಿಗುವುದಿಲ್ಲ. ಅವುಗಳ ಪ್ರೋಗ್ರಾಮನ್ನು ಹೊಸ ಚಿಪ್ಪಿಗೆ ಹೊಂದಿಸಿಕೊಡಬೇಕಿತ್ತು. ಅದನ್ನು ಬರೆದವಳು ನಾನೇ, ಕೊಲ್ಹಾಪುರದ ಈ ಸಣ್ಣ ವರ್ಕ್‌ಶಾಪಿಗೆ ಸೇರಿದ ಹೊಸದರಲ್ಲಿ. ವಾಸನೆಯ ಜೊತೆಗೆ ಕಾಕಾ ನೆನಪಾದರು.

ಎಲ್ಲರೂ ಕಾಕಾ ಎನ್ನುತ್ತಿದ್ದ ಅವರು ಆ ಶೆಡ್ಡಿನ ಎಲ್ಲರಿಗಿಂತ ಹಿರಿಯ ನೇಕಾರರು. ಸದಾ ಬಾಯಲ್ಲೊಂದು ಲವಂಗ. ಅವರು ನಡೆಸುತ್ತಿದ್ದ ಮಗ್ಗಗಳಲ್ಲಿ ಎಳೆ ಕಡಿಯುವುದೇ ಅಪರೂಪ. ಮಗ್ಗದಲ್ಲಿ ಒಂದೊಂದು ಅಡ್ಡ ಎಳೆ ಬಿದ್ದಾಗಲೂ ನಮ್ಮ ಡಬ್ಬಿ ಒಂದೊಂದು ಅಂಕಿ ಏರಿಸಬೇಕು, ಅದರ ಕೆಲಸ ಅಷ್ಟೇ. ಉಳಿದ ನೇಕಾರರು ಚಹಾಕ್ಕೆ ಎದ್ದಾಗಲೆಲ್ಲ ಅಂಕಿಯನ್ನು ಲೆಕ್ಕದ ವಹಿಯಲ್ಲಿ ಬರೆದು, ಗುಂಡಿ ಒತ್ತಿ ಸೊನ್ನೆ ಮಾಡುತ್ತಿದ್ದರು. ಕಾಕಾ ಮಾತ್ರ ಪಾಳಿ ಮುಗಿಯುವವರೆಗೆ ಗುಂಡಿ ಮುಟ್ಟುತ್ತಿರಲಿಲ್ಲ. ನಡೆಯುವ ಮಗ್ಗಕ್ಕೆ ಸೊನ್ನೆ ತೋರಿಸಬಾರದು, ಅದು ಉಣ್ಣುವವನ ಮುಂದಿನ ತಾಟು ಎಳೆದ ಹಾಗೆ ಎಂದು ಅವರಿಗೆ ನೇಯ್ಗೆ ಕಲಿಸಿದವರು ಹೇಳಿದ್ದರಂತೆ. ನಾನು ಅದನ್ನು ಕೇಳಿ ನಕ್ಕಿದ್ದೆ.

ಡಬ್ಬಿ ಕೂರಿಸಿದ ಎರಡನೇ ವಾರಕ್ಕೇ ಶೆಡ್ಡಿನ ಮಾಲಕರು ಫೋನು ಮಾಡಿ ಕರೆಸಿದರು. ಎಲ್ಲರ ಡಬ್ಬಿ ಸರಿ, ಕಾಕಾನ ಮಗ್ಗಗಳದ್ದು ಮಾತ್ರ ಪಾಳಿ ಮುಗಿದಾಗ ಏನೇನೋ ತೋರಿಸುತ್ತಿತ್ತು.

"ಮ್ಯಾಡಮ್, ನೇದ ಬಟ್ಟಿ ಅಳತಿಗೆ ಬರೋಬರಿ ಐತಿ, ಡಬ್ಬಿ ಅಷ್ಟ ತಪ್ಪ ತೋರ್ಸತೈತಿ. ಅಂದ್ರ ಯಾರೋ ಕೈ ಹಚ್ಚ್ಯಾರ," ಎಂದರು ಮಾಲಕರು. ಹೊಸ ಡಬ್ಬಿ ಹಿರಿಯರಿಗೆ ಸೇರಿಲ್ಲ, ಕಿತ್ತು ಹಾಕಲಿ ಎಂದೇ ಕೆಡಿಸುತ್ತಿದ್ದಾರೆ ಎಂಬುದು ಅವರ ಅನುಮಾನ.

ಕಾಕಾ ನನ್ನತ್ತ ತಿರುಗಿದರು. "ನಾ ಮುಟ್ಟಿಲ್ಲ ಯವ್ವಾ. ಮೂರೂವರೆ ತಾಸ ಆತಂದ್ರ ಅಂಕಿ ತಾವ ಹಿಂದಕ್ಕ ನಡ್ಯಾಕ ಹತ್ತತಾವ. ಒಂದ ಪಾಳಿ ನನ್ನ ಜೋಡಿ ನಿಂತ ನೋಡು."

ಅಂಕಿ ಹಿಂದಕ್ಕೆ ನಡೆಯುವುದೇ? ಸುತ್ತ ನಿಂತವರು ನಕ್ಕರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಆ ಸದ್ದು, ಆ ಧೂಳಿನಲ್ಲಿ ಎಂಟು ತಾಸು ಯಾರು ನಿಲ್ಲುತ್ತಾರೆ? ಡಬ್ಬಿಯನ್ನು ಕೊಲ್ಹಾಪುರಕ್ಕೆ ತಂದು ಮೇಜಿನ ಮೇಲೆ ಒಂದು ತಾಸು ಓಡಿಸಿದೆ. ಒಂದು ಅಂಕಿಯೂ ತಪ್ಪಲಿಲ್ಲ. ಡಬ್ಬಿಯಲ್ಲಿ ದೋಷವಿಲ್ಲ ಎಂದು ಕಾಗದದ ಮೇಲೆ ಬರೆದು ಸಹಿ ಹಾಕಿ ಕಳಿಸಿದೆ. ಆ ವಾರವೇ ಮಾಲಕರು ಕಾಕಾನನ್ನು ಕೆಲಸದಿಂದ ಬಿಡಿಸಿದರು. ಗಡಹಿಂಗ್ಲಜದ ಕಡೆ ಹೆಂಡತಿಯ ತವರೂರಿಗೆ ಹೋದರಂತೆ ಎಂದು ಯಾರೋ ಹೇಳಿದರು. ಅದಾಗಿ ಎಷ್ಟೋ ವರ್ಷ.

ಈಗ ಹೊಸ ಚಿಪ್ಪನ್ನೂ ಹಳೆಯದನ್ನೂ ಪಕ್ಕಪಕ್ಕ ಇಟ್ಟು, ತಾಳೆ ನೋಡಲೆಂದು ಬೆಳಿಗ್ಗೆಯಿಂದ ಓಡಲು ಬಿಟ್ಟಿದ್ದೆ. ಊಟ ಮಾಡಿ ಬಂದು ನೋಡಿದರೆ ಹೊಸದರ ಅಂಕಿ ಏರುತ್ತಿತ್ತು. ಹಳೆಯದು ಮೂವತ್ತೆರಡು ಸಾವಿರದ ಏಳುನೂರ ಚಿಲ್ಲರೆಗೆ ಮುಟ್ಟಿ, ಒಂದೊಂದಾಗಿ ಇಳಿಯುತ್ತಿತ್ತು. ಹಿಂದಕ್ಕೆ ನಡೆಯುತ್ತಿತ್ತು! ಪ್ರೋಗ್ರಾಮು ತೆರೆದು ಸಾಲು ಸಾಲಾಗಿ ಓದಿದೆ.

ತಪ್ಪು ಒಂದೇ ಒಂದು ಪದದ್ದು. ಎಣಿಕೆಗೆ ನಾನು int ಎಂದು ಬರೆದಿದ್ದೆ. ಸಿ ಭಾಷೆಯಲ್ಲಿ ಅದು ಎಷ್ಟು ಅಗಲ ಎಂಬುದು ಯಂತ್ರದಿಂದ ಯಂತ್ರಕ್ಕೆ ಬೇರೆ. ನನ್ನ ಕಂಪ್ಯೂಟರಿನಲ್ಲಿ ಮೂವತ್ತೆರಡು ಬಿಟ್, ಆ ಅಗ್ಗದ ಚಿಪ್ಪಿನಲ್ಲಿ ಬರೀ ಹದಿನಾರು, ಅದರಲ್ಲಿ ಮೂವತ್ತೆರಡು ಸಾವಿರದ ಏಳುನೂರ ಅರವತ್ತೇಳರವರೆಗೆ ಮಾತ್ರ ಎಣಿಸಬಹುದು. ತುಂಬಿದ ಮೇಲೆ ಅಂಕಿ ಋಣಕ್ಕೆ ಹೊರಳಿ ಅಲ್ಲಿಂದ ಸೊನ್ನೆಯತ್ತ ಬರತೊಡಗುತ್ತದೆ, ಡಬ್ಬಿಯ ಪರದೆಯಲ್ಲಿ ಋಣಚಿಹ್ನೆಗೆ ಜಾಗವೇ ಇಲ್ಲದ್ದರಿಂದ ಅದು ಬರೀ ಇಳಿಯುವಂತೆ ಕಾಣುತ್ತಿತ್ತು. ಯಾವ ಯಂತ್ರಕ್ಕೆ ಹೋದರೂ ಇಷ್ಟೇ ಅಗಲ ಇರಲಿ ಎಂದು uint32_t ಅಂತ ಬರೆದಿದ್ದರೆ ಮುಗಿದಿತ್ತು. ಚಹಾಕ್ಕೊಮ್ಮೆ ಸೊನ್ನೆ ಮಾಡುವವರ ಮಗ್ಗ ಆ ಅಂಕಿಯವರೆಗೆ ಹೋಗುತ್ತಲೇ ಇರಲಿಲ್ಲ. ಹೋಗುತ್ತಿದ್ದದ್ದು ಎಳೆ ಕಡಿಯದೆ ನೇಯುವ, ಗುಂಡಿ ಮುಟ್ಟದ ಕಾಕಾನದು ಮಾತ್ರ. ಹೊಸ ಚಿಪ್ಪಿನಲ್ಲಿ int ಅಗಲವಾಗಿದೆ, ತಪ್ಪು ತಾನೇ ಮುಚ್ಚಿಹೋಗುತ್ತಿತ್ತು. ನಾನು ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೂರು ದಿನ ಬಾಯಿ ಬಿಡಲೂ ಇಲ್ಲ, ನಾಚಿಕೆಗೇಡಿ ನಾನು.

ನಾಲ್ಕನೇ ದಿನ ಗಡಹಿಂಗ್ಲಜದ ಬಸ್ಸು ಹತ್ತಿದೆ. ಕೇಳುತ್ತ ಕೇಳುತ್ತ ಮನೆ ಸಿಕ್ಕಿತು. ಕಾಕಾ ತೀರಿಹೋಗಿ ಎರಡು ವರ್ಷವಾಗಿತ್ತು... ಅವರ ಹೆಂಡತಿ ಕಾಕೂ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದರು. ಪಕ್ಕದಲ್ಲಿ ಕುಳಿತು ಎಲ್ಲ ಹೇಳಿದೆ, ತಪ್ಪು ನನ್ನದು ಅಂದೆ. ಅವರ ಕೈ ನಿಲ್ಲಲಿಲ್ಲ.

"ನನಗ್ಯಾಕ ಹೇಳ್ತಿ ತಂಗಿ? ನಾ ಏನ ಅವರ ಮ್ಯಾಲ ಸಂಶೇ ಪಟ್ಟಿದ್ನೇನ? ಪಟ್ಟಾವರಿಗೆ ಹೋಗಿ ಹೇಳ."

ಮರುದಿನ ಚಹಾದ ಹೊತ್ತಿಗೆ ಸರಿಯಾಗಿ ಶೆಡ್ಡಿಗೆ ಹೋದೆ. ಮಗ್ಗಗಳು ನಿಂತಿದ್ದವು. ಮಾಲಕರ ಎದುರಿಗೇ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಮಾಲಕರು, "ಝಾಲ ತೆ ಝಾಲ, ಮ್ಯಾಡಮ್. ಚಹಾ ತಗೋರಿ," ಎಂದರು. ಆಗಿದ್ದು ಆಗಿಹೋಯಿತಂತೆ! ಸಿಟ್ಟು ಬಂತು. ಆದರೆ ಸಿಟ್ಟು ಮಾಡಲು ನನಗೆಲ್ಲಿಯ ಮುಖ?

ಅಂದು ನಕ್ಕವರಲ್ಲಿ ಒಬ್ಬ ನೇಕಾರ ಮಾತ್ರ ಇನ್ನೂ ಅಲ್ಲಿದ್ದ. ಅವನ ಮೀಸೆಯೂ ಈಗ ಬೆಳ್ಳಗಾಗಿದೆ. ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟು ಅವನು ನನ್ನ ಮುಖ ನೋಡದೆಯೇ ಹೇಳಿದ:

"ಕೆಲಸಾ ಬಿಟ್ಟ ಹೋಗೂ ದಿವಸ ಕಾಕಾ ಒಬ್ಬೊಬ್ಬರ ಮಗ್ಗದ ಮುಂದೂ ನಿಂತು, ಬರ್ತೀನಪಾ ಅಂದ್ರು. ನಾವ್ ಒಬ್ರೂ ಹೂಂ ಅನಲಿಲ್ಲರಿ."