ತೀರ್ಪಿಗೂ ಒನ್ಸ್ ಮೋರ್

ಗೆಳೆಯರೇ, ಇವತ್ತು ಒಬ್ಬನೇ ಮನುಷ್ಯನನ್ನು ಮೂರು ಸಲ ಬಿಡುಗಡೆ ಮಾಡಿ ಬಂದಿದ್ದೇನೆ.

ಮಾಡದ ಕೊಲೆಗೆ ಜೈಲು ಕಂಡು, ಕೊನೆಗೆ ಕೋರ್ಟಿನಲ್ಲಿ ಬಿಡುಗಡೆಯಾಗಿ ಬಂದ ನಮ್ಮೂರ ಜವರಣ್ಣನ ಕಥೆಯನ್ನು ಹುಣಸೂರಿನಲ್ಲಿ ನಾಟಕವಾಗಿ ಆಡಿದೆವು. ಜಡ್ಜ್ ಪಾತ್ರ ನನ್ನದು. "ಈತ ನಿರಪರಾಧಿ, ಬಿಡುಗಡೆ ಮಾಡಿ" ಎಂದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಜವರಣ್ಣನೇ ಎದ್ದು "ಒನ್ಸ್ ಮೋರ್!" ಎಂದು ಕೂಗಿದ. ಉಬ್ಬಿಹೋಗಿ ಮತ್ತೆ ಹೇಳಿದೆ. ಮತ್ತೆ ಕೂಗಿದ.

ನಿರ್ದೇಶಕರು ಪರದೆಯ ಸಂದಿಯಿಂದಲೇ ಸಿಡುಕಿದರು: "ಒನ್ಸ್ ಮೋರ್ ಎಲ್ಲಾ ಪೌರಾಣಿಕ ನಾಟಕಕ್ಕೆ ಕಣ್ರೀ, ಇದು ಸೀರಿಯಸ್ ನಾಟಕ!"

"ಸುಮ್ಕಿರಿ ಸ್ವಾಮಿ," ಎಂದ ಜವರಣ್ಣ. "ಅವತ್ತು ಕೋರ್ಟಲ್ಲಿ ಇಂಗ್ಲೀಷಲ್ಲಿ ಓದ್ಬುಟ್ರು, ನಂಗೊಂದೂ ತಿಳೀನಿಲ್ಲ. ಇವತ್ತಾದ್ರೂ ಕಿವಿತುಂಬ ಕೇಳ್ತೀನಿ, ಬುಡಿ."

ಮೂರನೇ ಸಲ ಜವರಣ್ಣನ ಪಾತ್ರಧಾರಿಯನ್ನು ಬಿಟ್ಟು ನಿಜವಾದ ಜವರಣ್ಣನ ಮುಖ ನೋಡಿಕೊಂಡೇ ತೀರ್ಪು ಹೇಳಿದೆ. ಅಲ್ಲಿಯವರೆಗೂ ಆ ಒನ್ಸ್ ಮೋರ್ ನನ್ನ ನಟನೆಗೆ ಅಂದುಕೊಂಡಿದ್ದವನು ಇಡೀ ಹಾಲಿನಲ್ಲಿ ನಾನೊಬ್ಬನೇ.